ಅಟ್ಟದ ಮೇಲಿನ ವೈರ್‌ಲೆಸ್ ಪೆಟ್ಟಿಗೆ

ಪುಸ್ತಕಕ್ಕೆಂದು ಬರೆಯುತ್ತಿರುವುದು ಇದೇ ಮೊದಲು. ಈವರೆಗೆ ನಾನು ಬರೆದಿರುವುದೆಲ್ಲ ಕಚೇರಿ ಪತ್ರಗಳೇ ಆದ್ದರಿಂದ, ಅದೇ ಕ್ರಮದಲ್ಲಿ ಮೊದಲು ವಿಷಯವನ್ನು ನಿವೇದಿಸಿಕೊಳ್ಳುತ್ತೇನೆ.

ಎರಡು ಸಾವಿರದ ಇಸವಿ ಕಳೆದು ಕೆಲವು ವರ್ಷಗಳಾಗಿದ್ದವು. ತಿಪಟೂರಿನಲ್ಲಿ ಹೆಣ್ಣುಮಕ್ಕಳಿಗೆ ಕಂಪ್ಯೂಟರ್ ಕಲಿಸುವ ಸಣ್ಣ ತರಬೇತಿ ಕೇಂದ್ರವೊಂದರಲ್ಲಿ ನಾನು ತಾತ್ಕಾಲಿಕ ಬೋಧಕನಾಗಿದ್ದೆ. ಸದರಿ ಕೇಂದ್ರವು ತೆಂಗಿನ ತೋಟದವರ ಹಳೆಯ ಮನೆಯೊಂದರ ನಡುಮನೆಯಲ್ಲಿ ಬಾಡಿಗೆಗೆ ನಡೆಯುತ್ತಿತ್ತು. ಒಂದೇ ಇಂಟರ್‌ನೆಟ್ ಸಂಪರ್ಕವನ್ನು ಎಲ್ಲ ಲ್ಯಾಪ್‌ಟಾಪ್‌ಗಳೂ ತಂತಿಯಿಲ್ಲದೆ ಹಂಚಿಕೊಳ್ಳುವುದನ್ನು ತಪಾಸಣೆಗೆ ಬರುವ ಅಧಿಕಾರಿಗೆ ತೋರಿಸತಕ್ಕದ್ದು, ತಪ್ಪಿದಲ್ಲಿ ಕೇಂದ್ರವನ್ನು ತುಮಕೂರಿಗೆ ವರ್ಗಾಯಿಸಲಾಗುವುದು ಎಂದು ಆದೇಶವಾಗಿತ್ತು. ಶೆಟ್ಟಿಕೆರೆ, ಕಿಬ್ಬನಹಳ್ಳಿ ಕಡೆಯಿಂದ ಬಸ್ಸಿನಲ್ಲಿ ಬರುತ್ತಿದ್ದ ಹುಡುಗಿಯರನ್ನು ಅಷ್ಟು ದೂರಕ್ಕೆ ಯಾವ ಮನೆಯವರೂ ಕಳುಹಿಸುತ್ತಿರಲಿಲ್ಲ.

ನಮ್ಮ ಲ್ಯಾಪ್‌ಟಾಪ್‌ಗಳಲ್ಲಿದ್ದುದು ಯೂನಿಕ್ಸ್ ಮಾದರಿಯ ಉಚಿತ ವ್ಯವಸ್ಥೆ. ಅದರಲ್ಲಿ ವೈರ್‌ಲೆಸ್ ತಾನಾಗಿ ಬರುತ್ತಿರಲಿಲ್ಲ. ಕಪ್ಪು ಪರದೆಯ ಮೇಲೆ ಒಂದೊಂದೇ ಆಜ್ಞೆ ಟೈಪ್ ಮಾಡಿ, ಒಳಗಿನ ವೈರ್‌ಲೆಸ್ ಕಾರ್ಡನ್ನು ಎಬ್ಬಿಸಿ, ನೆಟ್‌ವರ್ಕಿನ ಹೆಸರು ಹೇಳಿ, ಉದ್ದನೆಯ ಪಾಸ್‌ವರ್ಡ್ ಕೊಟ್ಟು, ಕೊನೆಗೆ ಯಂತ್ರಕ್ಕೊಂದು ವಿಳಾಸ ಬೇಡಬೇಕಿತ್ತು. ವಿಳಾಸ ಬಂದರೆ ಸಂಪರ್ಕ ಸಿಕ್ಕಂತೆ. ತಪಾಸಣೆಯ ಹಿಂದಿನ ದಿನ ಇದೆಲ್ಲವೂ ಸುಸೂತ್ರವಾಗಿ ನಡೆದಿತ್ತು. ಟಿ.ವಿ. ಆಂಟೆನಾದಂತೆ ಇದೂ ಎತ್ತರದಲ್ಲಿದ್ದಷ್ಟು ಒಳ್ಳೆಯದೆಂದು ಭಾವಿಸಿ, ಇಂಟರ್‌ನೆಟ್ಟನ್ನು ರೇಡಿಯೊ ಅಲೆಗಳಾಗಿ ಬೀರುವ ವೈರ್‌ಲೆಸ್ ಪೆಟ್ಟಿಗೆಯನ್ನು ನಡುಮನೆಯ ಮೇಲಿನ ಖಾಲಿ ಅಟ್ಟದಲ್ಲಿಟ್ಟು ನನ್ನೂರಾದ ಶೆಟ್ಟಿಕೆರೆಗೆ ಹೋಗಿದ್ದೆ.

ಮರುದಿನ ಬಂದಾಗ ನಡುಮನೆ ಎಂದಿಗಿಂತ ಕತ್ತಲಾಗಿತ್ತು. ಮೋಡವಿರಬೇಕೆಂದು ದೀಪ ಹಾಕಿ ಕುಳಿತು, ನಿನ್ನೆಯ ಆಜ್ಞೆಗಳನ್ನೇ ಕ್ರಮವಾಗಿ ಟೈಪ್ ಮಾಡಿದೆ. ಕಾರ್ಡ್ ಎದ್ದಿತು. ವಿಳಾಸ ಬೇಡಿದೆ. ಉತ್ತರವಿಲ್ಲ. ಪಾಸ್‌ವರ್ಡಿನಲ್ಲಿ ತಪ್ಪಿರಬಹುದೆಂದು ಅಕ್ಷರಕ್ಕಕ್ಷರ ಓದಿಕೊಂಡು ಮತ್ತೆ ಕೊಟ್ಟೆ. ಉತ್ತರವಿಲ್ಲ. ಗಾಬರಿಯಲ್ಲಿ, ಸರಿಯಾಗಿಯೇ ಇದ್ದ ಸೆಟ್ಟಿಂಗ್ ಫೈಲನ್ನೂ ತಿದ್ದಿ ಕೆಡಿಸಿ, ಹೆಣಗಾಡಿ ಪುನಃ ಮೊದಲಿನಂತೆ ಮಾಡಿದೆ. ಅಧಿಕಾರಿಯ ಜೀಪು ಕಿಬ್ಬನಹಳ್ಳಿ ದಾಟಿದೆಯೆಂದು ಫೋನ್ ಬಂದಿತು.

ಮನೆಯ ಒಡತಿ ಮಜ್ಜಿಗೆ ತಂದಿಟ್ಟರು. "ಏನ್ ಮೇಷ್ಟ್ರೇ, ಹೆಣ್ಣು ನೋಡಕ್ ಬಂದ ಗಂಡು ಕುಂತಂಗೆ ಬೆವರ್ತಾ ಕುಂತಿದೀರಲ್ಲ?"

ಮಜ್ಜಿಗೆಯ ಲೋಟವನ್ನು ಪಕ್ಕಕ್ಕೆ ಸರಿಸಿದೆ. ಸಿಗ್ನಲ್ ಎಷ್ಟಿದೆಯೆಂದು ಕೇಳುವ ಆಜ್ಞೆ ಕೊಟ್ಟೆ. ಅದು ಇಲ್ಲವೆನ್ನುವಷ್ಟು ಕೆಳಗಿತ್ತು. ತಲೆಯೆತ್ತಿ ಪೆಟ್ಟಿಗೆಯಿದ್ದ ಕಡೆ ನೋಡಿದೆ. ಅಟ್ಟಕ್ಕೆ ಹಾಸಿದ ಮರದ ಪಟ್ಟಿಗಳ ಸಂದಿನಲ್ಲಿ ನಿನ್ನೆ ಬೆಳಕು ಕಾಣುತ್ತಿತ್ತು. ಇಂದು ಕಾಣುತ್ತಿದ್ದುದು ತೆಂಗಿನಕಾಯಿ.

"ಅಮ್ಮಾ, ಅಟ್ಟದ ಮೇಲಿದ್ದ ನನ್ನ ಪೆಟ್ಟಿಗೆ?"

"ಅಲ್ಲೇ ಐತೆ ಕಣಪ್ಪ. ನಿನ್ನೆ ನೀವ್ ಹೋದ್ಮೇಲೆ ಕೊಬ್ಬರಿಗೆ ಅಂತ ಹೊಸಾ ಕಾಯಿ ಏರ್ಸಿದ್ವಿ. ನಿಮ್ ಪೆಟ್ಟಿಗೆಗೆ ಧೂಳ್ ಬೀಳಬಾರ್ದು ಅಂತ ಗೋಣಿಚೀಲ ಹೊದ್ಸಿ, ಸುತ್ತ ಕಾಯಿ ಪೇರ್ಸಿದೀನಿ. ಅಲ್ಲಾಡಾಕಿಲ್ಲ ಬುಡಿ."

ನೀರು ತುಂಬಿದ ಹಸಿಕಾಯಿಗಳ ರಾಶಿ ಈ ಅಲೆಗಳನ್ನು ನುಂಗುತ್ತದೆಂಬುದು ಆಗ ನನಗೆ ಹೊಳೆಯಿತು. ಕಾಯಿ ಸರಿಸಲು ಅನುಮತಿ ಕೋರಿದೆ. ಒಡತಿಯ ಮುಖ ಗಂಭೀರವಾಯಿತು.

"ಏರ್ಸಿದ ಕಾಯಿ ಮುಟ್ಟಂಗಿಲ್ಲ ಕಣ್ರೀ. ಒಳಗಿನ ನೀರು ಇಂಗೋವರ್ಗೂ ಅಲ್ಲಾಡ್ಬಾರ್ದು. ವರ್ಷದ ಕೊಬ್ಬರಿ ಅದು."

ಅವರ ಮಾತು ನ್ಯಾಯವಾಗಿತ್ತು. ಸಮಯವಿರಲಿಲ್ಲ. ರಾಶಿ ಮುಟ್ಟದೆ, ಪೆಟ್ಟಿಗೆಯ ಅಡಿಯ ಒಂದು ಪಟ್ಟಿಯನ್ನು ಮಾತ್ರ ಕೆಳಗಿನಿಂದ ಸಡಿಲಿಸುವುದಾಗಿ ವಿನಂತಿಸಿದೆ. ಅವರು ಹುಡುಗಿಯರ ಖಾಲಿ ಬೆಂಚುಗಳ ಕಡೆಗೊಮ್ಮೆ, ಅಟ್ಟದ ಕಡೆಗೊಮ್ಮೆ ನೋಡಿದರು. ಬಳಿಕ ತಾವೇ ಏಣಿ ಹತ್ತಿ, ಕಾಯಿಗಳು ಜಾರದಂತೆ ಮೇಲಿನಿಂದ ಗೋಣಿಚೀಲವನ್ನು ಬಿಗಿಹಿಡಿದು, "ಹೂಂ, ಬಿಚ್ಚಿ" ಎಂದರು. ನಾನು ಮೇಜಿನ ಮೇಲೆ ನಿಂತು ಪಟ್ಟಿಗೆ ಬಿಗಿದಿದ್ದ ನಾರಿನ ಹಗ್ಗ ಬಿಚ್ಚಿದೆ. ಪೆಟ್ಟಿಗೆ ಕೈಗೆ ಜಾರಿತು. ಜೊತೆಗೆ ಒಂದು ಕಾಯಿಯೂ ನನ್ನ ಭುಜ ಸವರಿಕೊಂಡು ಧಡ್ಡೆಂದು ನೆಲಕ್ಕೆ ಬಿದ್ದಿತು. ರಾಶಿ ಒಮ್ಮೆ ಗುಡುಗುಟ್ಟಿತು. ಅದು ಅಲ್ಲಿಗೇ ನಿಂತಿತು. ಪಟ್ಟಿಯನ್ನು ಮತ್ತೆ ಬಿಗಿದು, ಮಿಕ್ಕ ಹಗ್ಗದಲ್ಲಿಯೇ ಪೆಟ್ಟಿಗೆಯನ್ನು ಅಟ್ಟದ ಕೆಳಗೆ ತೂಗುಹಾಕಿದೆ.

ಜೀಪು ನಿಂತ ಸದ್ದಾಯಿತು. ಹೆಸರು, ಪಾಸ್‌ವರ್ಡ್ ಕೊಟ್ಟು ವಿಳಾಸ ಬೇಡಿದೆ. ಅಧಿಕಾರಿ ಹೊಸ್ತಿಲು ದಾಟುತ್ತಿದ್ದಂತೆ ಪರದೆಯಲ್ಲಿ ವಿಳಾಸ ಮೂಡಿತು.

ಅವರ ಕಣ್ಣು ಮೊದಲು ಬಿದ್ದುದು ನೆಲದ ಮೇಲಿನ ಕಾಯಿಯ ಮೇಲೆ. "ಇದೇನ್ರೀ ಇದು?"

ಏಣಿಯ ಮೇಲಿನಿಂದಲೇ ಒಡತಿ ಹೇಳಿದರು: "ನಮ್ ಮೇಷ್ಟ್ರು ಮೇಲಿಂದ ನೆಟ್ ಇಳ್ಸಿದ್ರು ಸ್ವಾಮಿ. ಜೊತೇಲಿ ಅದೂ ಇಳೀತು."

ಅಧಿಕಾರಿ ನಗಲಿಲ್ಲ. ಒಂದು ಲ್ಯಾಪ್‌ಟಾಪನ್ನು ತಾವೇ ಎತ್ತಿಕೊಂಡು ಮೂಲೆಯಿಂದ ಮೂಲೆಗೆ ನಡೆದು, ಪುಟಗಳು ತೆರೆಯುತ್ತಿರುವುದನ್ನು ಪರಿಶೀಲಿಸಿ, "ಆಯ್ತು, ಇಲ್ಲೇ ಮುಂದುವರಿಸಿ" ಎಂದರು.

ಬಿದ್ದ ಕಾಯಿಯನ್ನು ಒಡತಿ ಮತ್ತೆ ಅಟ್ಟಕ್ಕೆ ಏರಿಸಲಿಲ್ಲ. "ಇನ್ನು ಇದು ಕೊಬ್ಬರಿ ಆಗಾಕಿಲ್ಲ. ತಗಂಡೋಗಿ, ಚಟ್ನಿಗಾಯ್ತದೆ" ಎಂದು ನನ್ನ ಕೈಗಿತ್ತರು. ಸಂಜೆಯ ಶೆಟ್ಟಿಕೆರೆ ಬಸ್ಸಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತೆ. ಹಿಂದಿನ ಸೀಟುಗಳಲ್ಲಿ, ಮಧ್ಯಾಹ್ನ ಪಾಠಕ್ಕೆ ಬಂದಿದ್ದ ನಮ್ಮ ಹುಡುಗಿಯರು ನಾಳೆಯ ಪಾಠದ ಮಾತಾಡುತ್ತಿದ್ದರು. ಗುಂಡಿ ಬಂದಾಗಲೆಲ್ಲ ಕಾಯೊಳಗೆ ನೀರು ಕುಲುಕಾಡುತ್ತಿತ್ತು.