ಕಾಫಿ ಕುಡಿಯದವರಿಗೆ ಕಾಫಿ ಹೂವು

ನಮ್ಮದು ಮೂಡಿಗೆರೆಯಲ್ಲಿ ಕಾಫಿಪುಡಿ ಅಂಗಡಿ. ಕೆಳಗೆ ಅಂಗಡಿ ಮತ್ತು ನಮ್ಮ ಮನೆ, ಹಿಂದೆ ಬೀಜ ಹುರಿಯುವ ಯಂತ್ರ, ಮೇಲೆ ಬಾಡಿಗೆ ಮನೆ. ಇಡೀ ತಾಲ್ಲೂಕಿನಲ್ಲಿ ಕಾಫಿ ಕುಡಿಯದವರು ಇಬ್ಬರೇ ಇದ್ದಿರಬಹುದು. ಅವರನ್ನೇ ಹುಡುಕಿ ತಂದು ನಮ್ಮಪ್ಪ ಮೇಲಿನ ಮನೆಗೆ ಸೇರಿಸಿದರು. ಅಪ್ಪನ ವ್ಯಾಪಾರ ಬುದ್ಧಿ ನನಗೂ ಹಾಗೇ ಇಳಿದು ಬಂದಿದೆ.

ಅವರು ಅಮೆರಿಕದ ಗಂಡ ಹೆಂಡತಿ, ಎಪ್ಪತ್ತರ ಆಸುಪಾಸು. ಅವರ ಚರ್ಚಿನಲ್ಲಿ ಒಂದು ಪದ್ಧತಿ ಇದೆಯಂತೆ. ಮಕ್ಕಳೆಲ್ಲ ಒಂದು ದಾರಿಗೆ ಬಂದ ಮೇಲೆ ವಯಸ್ಸಾದ ದಂಪತಿಗಳು ಜೊತೆಯಾಗಿ ಬೇರೆ ದೇಶಕ್ಕೆ ಹೋಗಿ ಹದಿನೆಂಟು ತಿಂಗಳು ಸೇವೆ ಮಾಡಿ ಬರಬಹುದು. ಎಲ್ಲಿಗೆ ಅಂತ ಆರಿಸುವ ಹಾಗಿಲ್ಲ, ಹೇಳಿದ ಕಡೆ ಹೋಗಬೇಕು. ಅದೇ ಚರ್ಚಿನ ಇನ್ನೊಂದು ನಿಯಮ, ಕಾಫಿ ಟೀ ಎರಡನ್ನೂ ಬಾಯಿಗೆ ಇಡಬಾರದು. ಅಂಥವರನ್ನು ಮೂಡಿಗೆರೆಗೆ ಕಳಿಸಿದ ಪುಣ್ಯಾತ್ಮ ಯಾರೋ, ನಮ್ಮ ಊರಿನ ನಕ್ಷೆ ನೋಡಿದ್ದ, ಇಲ್ಲಿನ ಕಾಫಿ ಗಾಳಿ ಕುಡಿದಿರಲಿಲ್ಲ.

ನಾನು ಆಗ ಡಿಗ್ರಿ ಮುಗಿಸಿ ಮನೆಯಲ್ಲಿ ಬಿದ್ದುಕೊಂಡಿದ್ದೆ. ‘ಇವನಿಗೆ ಇಂಗ್ಲಿಷ್ ಬರುತ್ತೆ, ಕರ್ಕೊಂಡು ಹೋಗಿ’ ಎಂದು ಅಪ್ಪ ನನ್ನನ್ನು ಅವರ ಕೈಗೆ ಒಪ್ಪಿಸಿದರು. ನನ್ನ ಇಂಗ್ಲಿಷ್ ಎಷ್ಟಿತ್ತು ಎನ್ನುವುದು ಅಪ್ಪನಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಮೊದಲ ವಾರದಲ್ಲೇ ಗೊತ್ತಾಗಿದ್ದು ಅವರಿಬ್ಬರಿಗೆ. ಪಾಪ, ಹದಿನೆಂಟು ತಿಂಗಳೂ ಅವರು ಅದನ್ನು ಯಾರಿಗೂ ಹೇಳಲಿಲ್ಲ.

ಅವರನ್ನು ಅಜ್ಜ, ಅಜ್ಜಿ ಎಂದೇ ಕರೆಯುತ್ತಿದ್ದೆ. ದಿನ ಶುರುವಾಗುತ್ತಿದ್ದುದು ಬೆಳಗಿನ ಐದೂವರೆಗೆ, ಪ್ರಾರ್ಥನೆಗೆ ಮಂಡಿಯೂರುವ ಸದ್ದಿನಿಂದ. ನಾಲ್ಕು ಮಂಡಿಗಳು ಹಲಗೆ ನೆಲಕ್ಕೆ ತಾಗುವ ಸದ್ದು ಕೆಳಗೆ ಮಲಗಿದ್ದ ನನಗೆ ಅಲಾರಾಂ. ಆಮೇಲೆ ಅಜ್ಜಿ ಪ್ರೆಷರ್ ಕುಕ್ಕರಿನಲ್ಲಿ ಬ್ರೆಡ್ ಮಾಡುತ್ತಿದ್ದರು. ಅಜ್ಜ ಇಸ್ತ್ರಿ ಮಾಡಿದ ಬಿಳಿ ಅಂಗಿಗೆ ಟೈ ಕಟ್ಟಿ, ಎದೆಗೆ ಕಪ್ಪು ಹೆಸರುಪಟ್ಟಿ ಚುಚ್ಚಿಕೊಂಡು, ಆ ವೇಷದಲ್ಲೇ ನಮ್ಮ ಮನೆಯ ನಲ್ಲಿ ರಿಪೇರಿಗೆ ಇಳಿಯುತ್ತಿದ್ದರು. ನಲ್ಲಿ, ಫ್ಯಾನು, ಪಕ್ಕದ ಮನೆಯ ಗ್ರೈಂಡರು, ಯಾವುದನ್ನೂ ಬಿಡಲಿಲ್ಲ. ಮಧ್ಯಾಹ್ನ ಅಜ್ಜಿ ಚಿಕ್ಕ ಚರ್ಚಿನ ಕೋಣೆಯಲ್ಲಿ ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡುವರು, ಕೀಬೋರ್ಡ್ ಕಲಿಸುವರು. ಸಂಜೆ ಯಾರಾದರೂ ಕಾಯಿಲೆ ಬಿದ್ದವರ ಮನೆಗೆ ಭೇಟಿ. ಎಲ್ಲಿ ಹೋದರೂ ಇಬ್ಬರೂ ಜೊತೆಗೇ. ಒಬ್ಬರನ್ನು ಬಿಟ್ಟು ಒಬ್ಬರು ಹಾಲು ತರಲೂ ಹೋದದ್ದನ್ನು ನಾನು ನೋಡಲಿಲ್ಲ. ಸೋಮವಾರ ಮಾತ್ರ ರಜೆ. ಅವತ್ತು ಬಟ್ಟೆ ಒಗೆಯುವುದು, ಮೊಮ್ಮಕ್ಕಳ ಜೊತೆ ವಿಡಿಯೋದಲ್ಲಿ ಮಾತು, ಅದು ಮುಗಿದ ಮೇಲೆ ಅಜ್ಜಿ ಒಂದು ಗಂಟೆ ಫೋನನ್ನು ಮಡಿಲಿನಿಂದ ಕೆಳಗಿಡುತ್ತಿರಲಿಲ್ಲ.

ಕೆಳಗೆ ಅಪ್ಪ ಯಂತ್ರ ಶುರು ಮಾಡಿದಾಗ ಹುರಿದ ಬೀಜದ ವಾಸನೆ ಮೆಟ್ಟಿಲು ಹತ್ತಿ ಹೋಗುತ್ತಿತ್ತು. ಆಗ ಅಜ್ಜ ಕಿಟಕಿಯ ಹತ್ತಿರ ಬಂದು ಕಣ್ಣುಮುಚ್ಚಿ ನಿಲ್ಲುತ್ತಿದ್ದರು.

‘ಅಜ್ಜಾ, ಮೂಸೋದಕ್ಕೆ ನಿಯಮ ಇಲ್ವಾ?’ ಎಂದು ಒಮ್ಮೆ ಕೇಳಿದೆ.

‘ಇದ್ದರೆ ನನಗೆ ಹೇಳಬೇಡ’ ಎಂದರು.

ನನ್ನ ನಿಜವಾದ ಕಷ್ಟ ಶುರುವಾದದ್ದು ಕೊಟ್ಟಿಗೆಹಾರದ ಹತ್ತಿರದ ಗೌಡರ ಎಸ್ಟೇಟಿನಲ್ಲಿ. ಅವರ ರೈಟರ್, ಅಂದರೆ ತೋಟದ ಲೆಕ್ಕ ನೋಡುವಾತ, ಕಾಲು ಮುರಿದುಕೊಂಡು ಮಲಗಿದ್ದ. ಅವನು ಆ ಚರ್ಚಿಗೆ ಬರುತ್ತಿದ್ದವನು. ನೋಡಿಕೊಂಡು ಹೊರಡುವಾಗ ಗೌಡರು ಬಂಗಲೆಗೆ ಕರೆದರು. ಜಗಲಿಯಲ್ಲಿ ಮೂರು ಬೆತ್ತದ ಕುರ್ಚಿ, ಒಂದೊಂದರ ಮುಂದೂ ಪುಟ್ಟ ಟೀಪಾಯಿ. ಗೌಡರ ಹೆಂಡತಿ, ತೋಟದವರಿಗೆಲ್ಲ ‘ಅಮ್ಮ’, ಮೂರು ಲೋಟ ಕಾಫಿ ತಂದಿಟ್ಟರು. ತಮ್ಮದೇ ತೋಟದ್ದು, ಮನೆಯಲ್ಲೇ ಹುರಿದದ್ದು.

ಅಜ್ಜ ಅಜ್ಜಿ ನನ್ನ ಮುಖ ನೋಡಿದರು. ಕಾಫಿ ಬೆಳೆಯುವವರ ಜಗಲಿಯಲ್ಲಿ ಕೂತು ಕಾಫಿ ಬೇಡ ಎನ್ನುವುದು ಹೇಗೆ? ‘ಇವರ ಧರ್ಮದಲ್ಲಿ ಇಲ್ಲ’ ಎಂದು ನಾಲ್ಕು ಮಾತು ಹೇಳಿದ್ದರೆ ಮುಗಿದಿತ್ತು. ನನ್ನ ಬಾಯಿ ಸುಮ್ಮನಿರಲಿಲ್ಲ.

‘ಅಮ್ಮಾ, ಇವ್ರಿಬ್ರಿಗೂ ಹೊಟ್ಟೆ ಸರಿ ಇಲ್ಲ. ಡಾಕ್ಟ್ರು ಕಾಫಿ ಬೇಡ ಅಂದಿದಾರೆ’ ಎಂದೆ. ನಂಬಿಕೆ ಬರಲಿ ಎಂದು, ‘ಹುಣ್ಣು’ ಎಂದೂ ಸೇರಿಸಿದೆ.

‘ಅಯ್ಯೋ, ಇಬ್ರಿಗೂನಾ?’

‘ಒಟ್ಟಿಗೇ ಬಂತಮ್ಮ.’

ಬಿಸಿ ಆರಬಾರದು ಎಂದು ಮೂರೂ ಲೋಟ ನಾನೇ ಕುಡಿದೆ. ಅಮ್ಮ ಒಳಗೆ ಹೋಗಿ ಅದೇನೋ ಬೇರು ಬೇಯಿಸಿದ ಕಷಾಯ ತಂದರು. ಆ ಕಹಿಗೆ ಹೆಸರಿಲ್ಲ. ಅಜ್ಜಿ ಒಂದು ಗುಟುಕು ಕುಡಿದು ನನ್ನ ಕಡೆ ನೋಡಿದ ನೋಟಕ್ಕೂ ಇಲ್ಲ. ಅಲ್ಲಿಂದ ಮುಂದೆ ನಾಲ್ಕು ತಿಂಗಳು ರೈಟರನ್ನು ನೋಡಲು ಹೋದಾಗಲೆಲ್ಲ ಅವರಿಗೆ ಕಷಾಯ, ನನಗೆ ಮೂರು ಲೋಟ ಕಾಫಿ. ಅವರು ಕುಡಿಯಲ್ಲ ಎಂದು ಗೊತ್ತಿದ್ದೂ ಅಮ್ಮ ಮೂರು ಲೋಟವನ್ನೇ ತರುತ್ತಿದ್ದರು. ಮೂವರು ಬಂದಾಗ ಒಂದು ಲೋಟ ಇಡುವ ಮನೆ ಅದಲ್ಲ. ಅಜ್ಜಿ ಕನ್ನಡದಲ್ಲಿ ಕಲಿತ ಮೊದಲ ಮಾತು ‘ಸಾಕು’. ಕಷಾಯದ ಪಾತ್ರೆ ಹತ್ತಿರ ಬರುವುದರೊಳಗೆ ಹೇಳಬೇಕಾಗಿತ್ತಲ್ಲ, ಉಚ್ಚಾರ ಬಹಳ ಬೇಗ ಸರಿಹೋಯಿತು.

ಕೊನೆಗೆ ಒಂದು ದಿನ ಅಜ್ಜಿಯೇ ಅಮ್ಮನ ಕೈ ಹಿಡಿದು, ಕಾಗದದಲ್ಲಿ ಬರೆದುಕೊಂಡು ಬಂದಿದ್ದನ್ನು ಓದಿದರು. ‘ನನ್ನ ಹೊಟ್ಟೆ ಚೆನ್ನಾಗಿ ಇದೆ. ಇದು ದೇವರಿಗೆ ಕೊಟ್ಟ ಮಾತು.’

ಅಮ್ಮ ನನ್ನ ಕಡೆ ತಿರುಗಿದರು. ‘ವ್ರತ ಅಂತ ಹೇಳೋದಕ್ಕೇನಾಗಿತ್ತು ಮಾರಾಯ ನಿಂಗೆ? ನಾನೂ ಸೋಮವಾರ ಊಟ ಬಿಡಲ್ವಾ? ಸುಮ್ನೆ ಇವ್ರಿಗೆ ನಾಕು ತಿಂಗ್ಳು ಬೇರು ಕುಡಿಸ್ದೆ!’

ಒಳಗಿನಿಂದ ಗೌಡರು ಕೂಗಿದರು. ‘ಆ ಕಷಾಯ ಈಗ ಅವ್ನಿಗೇ ಕೊಡು!’

ಕೊಟ್ಟರು. ಕುಡಿದೆ.

ಅವತ್ತೇ ಗೌಡರು ಹೂವಿನ ಮಾತು ತೆಗೆದದ್ದು. ಮಾರ್ಚಿನಲ್ಲಿ ಒಂದು ಮಳೆ ಬಿದ್ದು ಎಂಟೊಂಬತ್ತು ದಿನಕ್ಕೆ ಗುಡ್ಡ ಪೂರ್ತಿ ಬೆಳ್ಳಗಾಗುತ್ತದೆ, ಮಲ್ಲಿಗೆಯ ಹಾಗೆ ಘಮ ಎಂದು ಕೈಯಾಡಿಸಿ ವರ್ಣಿಸಿದರು. ನಾನು ಅನುವಾದ ಮಾಡುತ್ತಾ ಹೋದಂತೆ ಅಜ್ಜಿ ಕುರ್ಚಿಯ ತುದಿಗೆ ಬಂದು ಕೂತರು.

ವಾಪಸು ಬರುವಾಗ ಬಸ್ಸಿನಲ್ಲಿ ಕಾರಣ ಹೇಳಿದರು. ಅವರಿಗೆ ಸೇಬಿನ ತೋಟವಿತ್ತು. ನಲವತ್ತು ವರ್ಷ ಇಬ್ಬರೇ ನೋಡಿಕೊಂಡದ್ದು. ಈ ಸೇವೆಗೆ ಹೊರಡುವ ಮೊದಲು ಅದನ್ನು ಮಾರಿದರು. ಪ್ರತಿ ವರ್ಷ ಹೂವು ಬಂದ ದಿನ ಅವರು ಬೇರೆ ಕೆಲಸ ಮಾಡುತ್ತಿರಲಿಲ್ಲವಂತೆ. ಗಿಡದ ಕೆಳಗೆ ಕುರ್ಚಿ ಹಾಕಿಕೊಂಡು ಕೂರುವುದು, ಅಷ್ಟೇ.

‘ಈಗ ವಾಪಸ್ ಹೋದರೆ ಮನೆ ಇದೆ. ಹೂವು ಬೇರೆಯವರದ್ದು. ಬೇಲಿಯ ಆಚೆ ನಿಂತು ನೋಡಬೇಕು’ ಎಂದರು. ಆಮೇಲೆ, ‘ಕಾಫಿಯಲ್ಲಿ ನಮಗೆ ಅನುಮತಿ ಇರುವುದು ಹೂವಿಗೆ ಮಾತ್ರ. ಅದನ್ನು ಒಂದು ಸಲ ಸರಿಯಾಗಿ ನೋಡಬೇಕು’ ಎಂದು ನಕ್ಕರು.

ಮಾರ್ಚಿನಲ್ಲಿ ಮಳೆ ಬಿತ್ತು. ಹೂವು ಬರುವ ವಾರವೇ ಅವರಿಗೆ ಬೆಂಗಳೂರಿನಲ್ಲಿ ಚರ್ಚಿನ ಸಭೆ. ‘ಎರಡು ದಿನ ತಡವಾಗಿ ಹೋಗೋಣವಾ? ಹೂವು ಎಷ್ಟು ದಿನ ಇರುತ್ತೆ?’ ಎಂದು ಅಜ್ಜಿ ನನ್ನನ್ನು ಕೇಳಿದರು. ನನ್ನನ್ನು! ಕಾಫಿಯನ್ನು ಪೊಟ್ಟಣದಲ್ಲಿ ಮಾತ್ರ ನೋಡಿದವನನ್ನು!

‘ಒಂದು ತಿಂಗಳು ಇರುತ್ತಜ್ಜಿ. ಆರಾಮಾಗಿ ಹೋಗಿಬನ್ನಿ’ ಎಂದೆ.

ಮೂರು ದಿನ ಇರುತ್ತದೆ. ಅವರು ಬಂದಾಗ ಗೌಡರ ತೋಟದ ತುಂಬ ಕಂದು ಬಣ್ಣದ ಮುದುಡಿದ ಎಸಳು, ನೆನೆಸಿಟ್ಟು ಮರೆತ ಅವಲಕ್ಕಿಯ ಹಾಗೆ. ಅಜ್ಜಿ ಬಗ್ಗಿ ಒಂದು ಹಿಡಿ ತೆಗೆದುಕೊಂಡು ಮೂಸಿದರು. ‘ಮುಂದಿನ ವರ್ಷ’ ಎಂದರು. ಬೈದಿದ್ದರೆ ನಾನು ಅವತ್ತೇ ಮರೆತುಬಿಡುತ್ತಿದ್ದೆ.

ಮುಂದಿನ ವರ್ಷ ಅವರ ಹದಿನೆಂಟು ತಿಂಗಳು ಮುಗಿಯುವುದು ಮಾರ್ಚಿನಲ್ಲೇ. ಟಿಕೆಟ್ ಬಂತು, ಹೊರಡುವುದು ಗುರುವಾರ, ಮಂಗಳೂರಿನಿಂದ ವಿಮಾನ. ಮಳೆಯ ಸುಳಿವಿಲ್ಲ. ನಾನು ಗೌಡರ ಜಗಲಿಗೆ ಹೋಗಿ ಕೂತೆ.

‘ನಿಮ್ಮತ್ರ ಸ್ಪ್ರಿಂಕ್ಲರ್ ಇದೆಯಲ್ಲ, ರೊಬಸ್ಟಾ ಕಾಫಿಗೆ ಈಗ್ಲೇ ನೀರು ಹಾಕ್ಸಿ.’

‘ನಿಮ್ಮಪ್ಪನ ಪುಡಿ ಅಂಗಡಿ ಅಂದ್ಕೊಂಡ್ಯಾ, ಸ್ವಿಚ್ ಹಾಕಿದ್ರೆ ಆಯ್ತು ಅನ್ನೋಕೆ? ಹಣ್ಣು ಕುಯ್ದು ಮುಗೀದೆ ನೀರು ಬಿಟ್ರೆ ಹಣ್ಣೂ ಹೂವೂ ಒಟ್ಟಿಗೇ ಆಗುತ್ತೆ.’

‘ಯಾವಾಗ ಮುಗಿಯುತ್ತೆ?’

ಗೌಡರು ಬೆರಳು ಮಡಚಿದರು. ‘ಸೋಮವಾರ ಮುಗಿಸ್ತೀನಿ. ಮಂಗಳವಾರ ನೀರು. ಒಂಬತ್ತನೇ ದಿನ ಅಂದ್ರೆ ಅವ್ರು ಹೊರಡೋ ಗುರುವಾರ ಬೆಳಿಗ್ಗೆ ಹೂವು. ಹೋಗ್ತಾ ಇದೇ ದಾರಿ ಅಲ್ವಾ, ನೋಡ್ಕೊಂಡು ಹೋಗ್ಲಿ. ಎಲ್ಲಾ ಆ ಅಜ್ಜಿಗೋಸ್ಕರ, ನಿಂಗಲ್ಲ.’

ಇಷ್ಟಕ್ಕೆ ನಾನು ಸುಮ್ಮನೆ ಮನೆಗೆ ಹೋಗಬೇಕಿತ್ತು. ಮಂಗಳವಾರ ಬೆಳಿಗ್ಗೆ ‘ನಾನೂ ಕೈ ಹಾಕ್ತೀನಿ’ ಎಂದು ಲುಂಗಿ ಎತ್ತಿಕಟ್ಟಿ ಬಂದೆ. ಉದ್ದುದ್ದ ಅಲ್ಯೂಮಿನಿಯಂ ಪೈಪುಗಳನ್ನು ಒಂದಕ್ಕೊಂದು ಜೋಡಿಸುತ್ತಾ ಗುಡ್ಡ ಹತ್ತಿಸಬೇಕು. ಪ್ರತಿ ಜೋಡಣೆಯೊಳಗೂ ರಬ್ಬರ್ ವಾಷರ್ ಇರಬೇಕು. ನನ್ನ ಪಾಲಿಗೆ ಬಂದ ಜೋಡಣೆಗಳಲ್ಲಿ ಒಂದರ ವಾಷರ್ ನನ್ನ ಅಂಗಿ ಜೇಬಿನಲ್ಲೇ ಉಳಿಯಿತು.

ರೈಟರ್ ಪಂಪು ಶುರು ಮಾಡಿದ. ಮೊದಲು ಒಂದು ಸಿಳ್ಳು ಕೇಳಿತು. ಆಮೇಲೆ ನನ್ನ ಜೋಡಣೆ ಬಿಚ್ಚಿಕೊಂಡು, ನೀರು ತೆಂಗಿನಮರದ ಎತ್ತರಕ್ಕೆ ಎದ್ದಿತು. ನಾನು ಧೈರ್ಯಶಾಲಿ, ಕೈಯಿಂದ ಮುಚ್ಚಲು ಹೋದೆ. ನೀರು ನನ್ನನ್ನು ಎತ್ತಿ, ನೆರಳಿಗೆ ನೆಟ್ಟ ಸಿಲ್ವರ್ ಮರದ ಬುಡದಲ್ಲಿ ಕೂರಿಸಿ, ಲುಂಗಿಯನ್ನು ಪ್ರತ್ಯೇಕವಾಗಿ ಪಕ್ಕದ ಸಾಲಿಗೆ ತಲುಪಿಸಿತು. ಗಾಬರಿಯಲ್ಲಿ ರೈಟರ್ ಪಂಪಿನ ಕಡೆ ಓಡುವ ಬದಲು ನನ್ನ ಕಡೆ ಓಡಿ ಬಂದ. ಅವನದು ಮೊದಲೇ ಮುರಿದು ಕೂಡಿದ ಕಾಲು. ಅವನು ವಾಪಸ್ ಹೋಗಿ ನಿಲ್ಲಿಸುವಷ್ಟರಲ್ಲಿ ಎರಡು ಪೈಪು ಸೊಟ್ಟಗಾಗಿ, ಪಂಪು ಗೊರಗೊರ ಎಂದು ಕೆಟ್ಟು ಕೂತಿತ್ತು.

‘ಪುಡಿ ಕಟ್ಟು ಮಾರಾಯ, ಪೈಪ್ ಮುಟ್ಬೇಡ’ ಎಂದರು ಗೌಡರು. ದನಿ ಏರಿಸಲಿಲ್ಲ. ಅದೇ ಹೆದರಿಕೆ.

ಪಂಪು ಚಿಕ್ಕಮಗಳೂರಿಗೆ ಹೋಗಿ ರಿಪೇರಿಯಾಗಿ ಬಂದು, ನೀರು ಬಿಟ್ಟದ್ದು ಅದೇ ವಾರದ ಗುರುವಾರ. ಹೂವು ಅವರು ಹೊರಟ ಮೇಲಿನ ಶನಿವಾರಕ್ಕೆ ಹೋಯಿತು. ಅಜ್ಜಿಗೆ ಹೇಳುವಾಗ ಈ ಸಲ ಹೊಟ್ಟೆಹುಣ್ಣು, ಡಾಕ್ಟರು ಯಾವುದೂ ನಾಲಿಗೆಗೆ ಬರಲಿಲ್ಲ. ಜೇಬಿನಿಂದ ವಾಷರ್ ತೆಗೆದು ಮೇಜಿನ ಮೇಲಿಟ್ಟೆ. ಅಜ್ಜ ಅದನ್ನು ಬೆಳಕಿಗೆ ಹಿಡಿದು ನೋಡಿ, ‘ಒಳ್ಳೆಯ ವಾಷರ್’ ಎಂದರು. ಅಜ್ಜಿ ಒಗೆದ ಬಟ್ಟೆ ಮಡಚುತ್ತಿದ್ದರು. ಮಡಚಿದ್ದನ್ನೇ ಮತ್ತೆ ಮಡಚಿದರು.

ಹೊರಡುವ ಗುರುವಾರ ಬೆಳಿಗ್ಗೆ ಕಾರಿನಲ್ಲಿ ನಾನು ಮುಂದೆ, ಅವರಿಬ್ಬರು ಹಿಂದೆ. ಕೊಟ್ಟಿಗೆಹಾರ ಹತ್ತಿರ ಬಂದಂತೆ ನಾನು ತೋಟದ ಕಡೆಯ ಗಾಜು ಏರಿಸಿದೆ. ತೋಟದ ಗೇಟಿನಲ್ಲಿ ಗೌಡರೂ ಅಮ್ಮನೂ ನಿಂತಿದ್ದರು.

‘ಇಳೀರಿ, ಇಳೀರಿ, ಬೇಗ’ ಎಂದರು ಗೌಡರು. ನನಗೆ, ‘ನೀನೂ ಬಾ ಕಳ್ಳ. ನಿನ್ನ ಕೆಲ್ಸ ನೋಡು.’

ಗುಡ್ಡ ಹಸಿರಾಗಿಯೇ ಇತ್ತು. ಮೊಗ್ಗುಗಳು ಸಣ್ಣ ಮೇಣದಬತ್ತಿಯ ಹಾಗೆ ಬಿಗಿದು ನಿಂತಿದ್ದವು. ಆದರೆ ಸಿಲ್ವರ್ ಮರದ ಹತ್ತಿರ, ಹಿಂದಿನ ವಾರದ ಮಂಗಳವಾರ ನನ್ನ ಪೈಪು ಬಿಚ್ಚಿಕೊಂಡು ನೀರು ಸುರಿದ ಜಾಗದಲ್ಲಿ, ಐದು ಗಿಡ ಬುಡದಿಂದ ತುದಿಯವರೆಗೆ ಬೆಳ್ಳಗೆ ಅರಳಿದ್ದವು. ಅವಕ್ಕೆ ಮಾತ್ರ ಅವತ್ತು ಒಂಬತ್ತನೇ ದಿನ. ಜೇನುಹುಳುಗಳು ಆಗಲೇ ಬಂದಿದ್ದವು.

ಅಮ್ಮ ಜಗಲಿಯಿಂದ ಎರಡು ಬೆತ್ತದ ಕುರ್ಚಿ ಮೊದಲೇ ತರಿಸಿ ಇಟ್ಟಿದ್ದರು. ಬಸ್ಸಿನಲ್ಲಿ ಕೇಳಿದ ಸೇಬಿನ ಕಥೆಯನ್ನು ನಾನೇ ಯಾವಾಗಲೋ ಅವರಿಗೆ ಹೇಳಿದ್ದೆ. ಅಜ್ಜ ಟೋಪಿ ತೆಗೆದು ಕೂತರು. ಅಜ್ಜಿ ಕೂರುವ ಮೊದಲು ಒಂದು ರೆಂಬೆಯನ್ನು ಮುಖದ ಹತ್ತಿರ ಎಳೆದುಕೊಂಡರು. ಕನ್ನಡಕದ ಮೇಲೆಲ್ಲ ಹಳದಿ ಪುಡಿ. ಒಂದು ಗುಡ್ಡ ಕೊಡುತ್ತೇನೆ ಎಂದವನು ಐದು ಗಿಡ ಕೊಟ್ಟೆ, ಅದೂ ಕೈತಪ್ಪಿನಿಂದ. ಗಿಡಗಳ ಹಿಂದೆ ನಿಂತು ಮಾತು ಶುರು ಮಾಡಿದೆ.

‘ಅಜ್ಜಿ, ಶನಿವಾರದ ತನಕ ಇದ್ದಿದ್ರೆ...’

‘ಸಾಕು’ ಎಂದರು, ಕನ್ನಡದಲ್ಲೇ. ಕಷಾಯಕ್ಕೆ ಹೇಳುತ್ತಿದ್ದ ಅವಸರ ಅದರಲ್ಲಿ ಇರಲಿಲ್ಲ.

ಕಾಲು ಗಂಟೆ ಕೂತರು. ಆಮೇಲೆ ಕಾರು ಚಾರ್ಮಾಡಿ ಘಾಟಿ ಇಳಿಯಿತು. ಮಂಗಳೂರಿನಲ್ಲಿ ಅಜ್ಜ ನನ್ನ ಕೈ ಕುಲುಕಿದರು. ಅವರು ಒಳಗೆ ಹೋದ ಮೇಲೆ ಅಂಗೈಯಲ್ಲಿ ವಾಷರ್ ಇತ್ತು.

ಶನಿವಾರ ಬೆಳಿಗ್ಗೆ ಐದೂವರೆಗೆ ಎಚ್ಚರವಾಯಿತು. ಮೇಲೆ ಯಾವ ಸದ್ದೂ ಇಲ್ಲ. ಮೊದಲ ಬಸ್ಸಿಗೆ ಕೊಟ್ಟಿಗೆಹಾರಕ್ಕೆ ಹೋದೆ. ಗೌಡರು ಹೇಳಿದ್ದು ಒಂದು ಅಕ್ಷರ ಸುಳ್ಳಾಗಿರಲಿಲ್ಲ. ಗೇಟಿನಿಂದ ನೆತ್ತಿಯವರೆಗೆ ಬಿಳಿ, ಉಸಿರು ಎಳೆದುಕೊಂಡರೆ ತಲೆ ತಿರುಗುವಷ್ಟು ಘಮ. ಸಿಲ್ವರ್ ಮರದ ಬುಡದಲ್ಲಿ ಮಾತ್ರ ಐದು ಗಿಡ ಆಗಲೇ ಕಂದಾಗತೊಡಗಿದ್ದವು. ಫೋನಿನಲ್ಲಿ ಎಷ್ಟು ಫೋಟೋ ತೆಗೆದರೂ ಅಕ್ಕಿ ಚೆಲ್ಲಿದ ಹಾಗೆ ಕಾಣುತ್ತಿತ್ತು. ಒಂದನ್ನೂ ಕಳಿಸಲಿಲ್ಲ.

ಜಗಲಿಯಲ್ಲಿ ಮೂರು ಕುರ್ಚಿಗಳು ಮತ್ತೆ ತಮ್ಮ ಜಾಗಕ್ಕೆ ಬಂದಿದ್ದವು. ನನ್ನದರಲ್ಲಿ ಕೂತೆ. ಅಮ್ಮ ಒಂದು ಲೋಟ ಕಾಫಿ ತಂದಿಟ್ಟರು. ಆ ಮನೆಯಲ್ಲಿ ನನಗೆ ಒಂದೇ ಲೋಟ ಬಂದದ್ದು ಅದೇ ಮೊದಲು. ಕುಡಿದು ಮುಗಿಸಿದೆ, ಏಳಲಿಲ್ಲ.

‘ಸಾಕಾ?’ ಎಂದರು.

‘ಸಾಲಲ್ಲ ಅಮ್ಮ.’

ಅವರು ನನ್ನನ್ನು ಒಂದು ಗಳಿಗೆ ನೋಡಿ ಒಳಗೆ ಹೋದರು. ಇನ್ನೆರಡು ಲೋಟ ತಂದರು. ನನ್ನ ಮುಂದೆ ಇಡಲಿಲ್ಲ, ಆಚೆಯ ಎರಡು ಕುರ್ಚಿಗಳ ಮುಂದೆ ಒಂದೊಂದು ಇಟ್ಟು ಹೋದರು. ನಾನು ಎದ್ದು ಅಜ್ಜನ ಕುರ್ಚಿಯಲ್ಲಿ ಕೂತು ಒಂದು ಕುಡಿದೆ. ಆಮೇಲೆ ಅಜ್ಜಿಯ ಕುರ್ಚಿಗೆ ಹೋದೆ. ಅಲ್ಲಿಂದ ಗುಡ್ಡ ಪೂರ್ತಿ ಕಾಣುತ್ತಿತ್ತು. ಅದನ್ನು ಬಹಳ ನಿಧಾನವಾಗಿ ಕುಡಿದೆ.