ಹನ್ನೊಂದು ದಿನ ಮಾತಾಡದ ಅಜ್ಜಿ

ಆ ಹುಡುಗಿಯನ್ನು ನಮ್ಮ ಶಾಲೆಗೆ ಸೇರಿಸಲು ಬಂದಾಗ ಅವಳಿಗೆ ಆರೂವರೆ ವರ್ಷ. ಅಪ್ಪ ಅಮ್ಮ ಇಬ್ಬರೂ ಬೆಂಗಳೂರಿನವರು, ಇಲ್ಲಿ ಮಲೇಷ್ಯಾದಲ್ಲಿ, ಸೈಬರ್‌ಜಯಾದ ಸಾಫ್ಟ್‌ವೇರ್ ಕಂಪನಿಗಳಲ್ಲಿ ಕೆಲಸ. ಮಗುವಿಗೆ ಆಟಿಸಂ ಇತ್ತು. ಮಾತು ಇಲ್ಲವೆನ್ನುವಷ್ಟು ಕಡಿಮೆ. ಬೇಡವಾದದ್ದು ಎದುರಿಗೆ ಬಂದರೆ ಕಿರುಚುತ್ತಿದ್ದಳು, ಇಲ್ಲವೇ ತನ್ನ ಮಣಿಕಟ್ಟನ್ನು ತಾನೇ ಕಚ್ಚಿಕೊಳ್ಳುತ್ತಿದ್ದಳು. ಎಡಗೈಯ ಮಣಿಕಟ್ಟಿನಲ್ಲಿ ಹಲ್ಲಿನ ಗುರುತು ಕಪ್ಪಾಗಿ ನಿಂತುಬಿಟ್ಟಿತ್ತು.

ಆ ಶಾಲೆಯಲ್ಲಿ ನಾನು ವಿಶೇಷ ಮಕ್ಕಳ ಟೀಚರ್. ಮೈಸೂರಿನಲ್ಲಿ ಆರು ವರ್ಷ ಇದೇ ಕೆಲಸ ಮಾಡಿ, ಗಂಡನಿಗೆ ಇಲ್ಲಿ ಕೆಲಸವಾದ ಮೇಲೆ ಬಂದವಳು. ಫಾರ್ಮಿನ ಮೇಲೆ ಊರಿನ ಹೆಸರು ನೋಡಿದ ಕೂಡಲೇ ಕನ್ನಡಕ್ಕೆ ಹೊರಳಿಕೊಂಡೆ. ತಾಯಿಯ ಮುಖ ಅರಳಿತು. "ಅಬ್ಬಾ, ಕನ್ನಡದವರಾ ಮ್ಯಾಮ್! ಇನ್ನು ನಂಗೆ ಭಯ ಇಲ್ಲ ಬಿಡಿ" ಅಂದಳು.

"ಮನೆಯಲ್ಲಿ ಏನು ಮಾತಾಡ್ತೀರಿ?" ಎಂದು ಕೇಳಿದೆ.

"ನಾವಿಬ್ರೂ ಕನ್ನಡಾನೇ ಮ್ಯಾಮ್. ಇವಳ ಜೊತೆ ಕನ್ನಡ, ಸ್ವಲ್ಪ ಇಂಗ್ಲಿಷು. ಮಿಕ್ಸ್."

"ಹಾಗೆ ಎರಡೆರಡು ಭಾಷೆ ಬೇಡ. ಗೊಂದಲ ಆಗುತ್ತೆ. ಶಾಲೆಯಲ್ಲಿ ಇಂಗ್ಲಿಷ್ ಇರೋದ್ರಿಂದ ಮನೆಯಲ್ಲೂ ಅದನ್ನೇ ಇಟ್ಕೊಳ್ಳಿ. ಒಂದೇ ಭಾಷೆ."

ಈ ಮಾತನ್ನು ನಾನು ಕನ್ನಡದಲ್ಲಿ ಹೇಳಿದೆ. ಆಕೆ ಕೈಚೀಲದಿಂದ ಪುಟ್ಟ ಡೈರಿ ತೆಗೆದು ಬರೆದುಕೊಂಡಳು, ಕೆಳಗೆ ಎರಡು ಗೆರೆ ಎಳೆದಳು. ಡಿಪ್ಲೊಮಾ ಓದುವಾಗ ನನಗೆ ಕಲಿಸಿದ್ದೇ ಅದು. ಅಲ್ಲಿಂದ ಇಲ್ಲಿಯವರೆಗೆ ಎಷ್ಟೋ ತಾಯಂದಿರಿಗೆ ಹಾಗೆಯೇ ಹೇಳಿದ್ದೆ.

ಮಾರನೇ ದಿನದಿಂದ ಗೇಟಿನ ಹತ್ತಿರ ನಾವಿಬ್ಬರೂ ಮಗುವಿನ ಎದುರಿಗೆ ಇಂಗ್ಲಿಷಿನಲ್ಲೇ ಮಾತಾಡತೊಡಗಿದೆವು. ಎಂಟು ತಿಂಗಳು ಹೀಗೆ ನಡೆಯಿತು. ಹುಡುಗಿ 'ಮೋರ್' ಎನ್ನಲು ಕಲಿತಳು, ಚಿತ್ರದ ಕಾರ್ಡು ತೋರಿಸಿ ನೀರು ಕೇಳಲು ಕಲಿತಳು. ಮಣಿಕಟ್ಟು ಕಚ್ಚುವುದು ಮಾತ್ರ ನಿಲ್ಲಲಿಲ್ಲ. ನಾನು ರಿಪೋರ್ಟಿನಲ್ಲಿ 'ಪ್ರಗತಿ ಸಮಾಧಾನಕರ' ಎಂದು ಬರೆದೆ.

ಆಗ ತಾಯಿಯ ತಾಯಿ ಊರಿಂದ ಬಂದರು, ಒಂದು ತಿಂಗಳ ಮಟ್ಟಿಗೆ. ಒಂದು ಮಧ್ಯಾಹ್ನ ಮಗಳಿಗೆ ಮೀಟಿಂಗ್ ಇದ್ದದ್ದರಿಂದ ಅವಳು ಅಜ್ಜಿಯನ್ನು ಮುಂಚೆಯೇ ಶಾಲೆಯಲ್ಲಿ ಇಳಿಸಿ ಹೋಗಿದ್ದಳು. ನಾನು ಹೊರಗೆ ಬಂದಾಗ ಕಾರಿಡಾರಿನ ಬೆಂಚಿನ ಮೇಲೆ ನೂಲಿನ ಸೀರೆಯ ಹೆಂಗಸೊಬ್ಬರು ಕೈಕಟ್ಟಿ ಕೂತಿದ್ದರು. ಯಾರೆಂದು ಕೇಳಬೇಕಾಗಿರಲಿಲ್ಲ, ಮೊಮ್ಮಗಳ ಹಣೆ, ಮೊಮ್ಮಗಳ ಗಲ್ಲ.

"ಏನಮ್ಮಾ, ಚೆನ್ನಾಗಿದೀರಾ? ಊಟ ಆಯ್ತಾ?" ಎಂದೆ.

ಅವರು ಗಾಬರಿಯಾದವರಂತೆ ತರಗತಿಯ ಬಾಗಿಲ ಕಡೆ ನೋಡಿದರು. ಆಮೇಲೆ ತೀರಾ ಮೆಲ್ಲಗೆ ಕೇಳಿದರು: "ಇಲ್ಲಿ ಮಾತಾಡ್ಬಹುದೇನಮ್ಮಾ? ಮಗು ಒಳಗಿದಾಳೆ."

"ಯಾಕೆ? ಮಾತಾಡಿದ್ರೆ ಏನಾಗುತ್ತೆ?"

"ಅವಳ ಟೀಚರು ಹೇಳವ್ರಂತೆ. ಕನ್ನಡ ಕಿವಿಗೆ ಬಿದ್ರೆ ಮಗು ತಲೆ ಗಲಿಬಿಲಿ ಆಗುತ್ತಂತೆ. ನಂಗೆ ಇಂಗ್ಲಿಷು ಎಲ್ಲಿಂದ ಬರ್ಬೇಕು? ಅದಕ್ಕೆ ಅವಳು ಮನೇಲಿದ್ದಾಗ ನಾನು ಬಾಯೇ ಬಿಡಲ್ಲ. ತಲೆ ಬಾಚ್ತೀನಿ, ತುತ್ತು ಕೊಡ್ತೀನಿ, ಸುಮ್ನಿರ್ತೀನಿ. ಹನ್ನೊಂದು ದಿನ ಆಯ್ತು ಬಂದು." ಸ್ವಲ್ಪ ತಡೆದು ಅಂದರು: "ಮೊದಮೊದಲು ಮರೆತು 'ಬಾ ಕಂದಾ' ಅಂದುಬಿಡ್ತಿದ್ದೆ. ಈಗ ಅಭ್ಯಾಸ ಆಗ್ಬಿಟ್ಟದೆ."

ಅವರ ದನಿಯಲ್ಲಿ ದೂರು ಇರಲಿಲ್ಲ. ಇನ್ನು ಸುಮ್ಮನಿದ್ದರೆ ಆಗುವುದಿಲ್ಲ ಎನ್ನಿಸಿ, "ಆ ಟೀಚರು ನಾನೇ ಅಮ್ಮಾ" ಎಂದೆ.

ಅವರು ದಡಬಡಿಸಿ ಎದ್ದು ನಿಂತರು. "ಅಯ್ಯೋ ತಾಯಿ, ತಪ್ಪು ತಿಳ್ಕೋಬೇಡಿ. ಟೀಚರು ಅಂದ್ರೆ ಯಾರೋ ಚೀನಾದವರು ಅಂದ್ಕೊಂಡಿದ್ದೆ. ಮಗೀಗೆ ಒಳ್ಳೇದಾದ್ರೆ ಸರಿ, ನನ್ನ ಮಾತೇನು ಮಹಾ" ಎಂದು ನನ್ನನ್ನೇ ಸಮಾಧಾನ ಮಾಡಿದರು.

ಆ ದಿನ ಕಾರಿನಲ್ಲಿ ಮನೆಗೆ ಹೋಗುವಾಗ ನನಗೆ ರೇಡಿಯೋ ಹಾಕುವ ಮನಸ್ಸೂ ಆಗಲಿಲ್ಲ. ಇನ್ನೊಂದನ್ನು ಇಲ್ಲಿ ಹೇಳಲೇಬೇಕು. ಮಾತಿನ ತೊಂದರೆ ಇರುವ ಮಗುವಿಗೆ ಮನೆಯ ಭಾಷೆ ಬಿಡಿಸಬೇಕಿಲ್ಲ, ಎರಡು ಭಾಷೆಯಿಂದ ಕೇಡೇನೂ ಇಲ್ಲ ಎಂದು ನಮ್ಮ ಶಾಲೆಗೆ ಬರುವ ಸ್ಪೀಚ್ ಥೆರಪಿಸ್ಟ್ ಹಿಂದೊಮ್ಮೆ ಟೀಚರುಗಳಿಗೆಲ್ಲ ಹೇಳಿದ್ದರು. ನಾನೂ ತಲೆಯಾಡಿಸಿ ಬರೆದುಕೊಂಡಿದ್ದೆ. ಆದರೆ ಬಾಯಿಪಾಠವಾಗಿದ್ದ ಹಳೆಯ ಮಾತೇ ನಾಲಿಗೆಯ ತುದಿಯಲ್ಲಿ ಕೂತಿತ್ತು. ಆ ಶುಕ್ರವಾರ ಥೆರಪಿಸ್ಟ್ ಬಂದಾಗ ಮತ್ತೊಮ್ಮೆ ಕೇಳಿದೆ.

"ಕನ್ನಡ ನಿಲ್ಲಿಸಿ ಅಂತ ಅವರಿಗೆ ಯಾರು ಹೇಳಿದ್ದು?" ಎಂದು ಕೇಳಿದರು.

"ನಾನು."

ಆಕೆ ನನ್ನನ್ನು ಬೈಯಲಿಲ್ಲ. "ಹಾಗಾದ್ರೆ ನೀವೇ ಹೋಗಿ ಹೇಳ್ಬೇಕು ಲಾ" ಅಂದರು, ಇಲ್ಲಿಯವರು ಮಾತಿನ ಕೊನೆಗೆ ಹಚ್ಚುವ 'ಲಾ' ಹಚ್ಚಿ, ಅಷ್ಟೇ.

ಸೋಮವಾರ ಅಪ್ಪ ಅಮ್ಮ ಇಬ್ಬರನ್ನೂ ಕರೆಸಿದೆ. ಸುತ್ತಿ ಬಳಸಿ ಹೇಳಿದರೆ ನನಗೆ ನಾನೇ ನೆಪ ಹುಡುಕಿಕೊಟ್ಟಂತೆ ಆಗುತ್ತದೆಂದು ನೇರವಾಗಿ ಹೇಳಿದೆ: ನಾನು ಕೊಟ್ಟ ಸಲಹೆ ತಪ್ಪು, ನೀವು ಕನ್ನಡ ಬಿಡಬೇಕಾಗಿರಲಿಲ್ಲ, ನನ್ನನ್ನು ಕ್ಷಮಿಸಿ.

ಅಪ್ಪ ಲೆಕ್ಕಾಚಾರದ ಮನುಷ್ಯ. "ಈಗ ಮತ್ತೆ ಚೇಂಜ್ ಮಾಡಿದ್ರೆ ಅವಳಿಗೆ ಕನ್ಫ್ಯೂಸ್ ಆಗಲ್ವಾ ಮ್ಯಾಮ್?" ಎಂದು ಕೇಳಿದರು. ಆಗುವುದಿಲ್ಲ ಎಂದು ವಿವರಿಸುತ್ತಿದ್ದೆ. ಅಮ್ಮ ನಡುವೆ ಬಾಯಿ ಹಾಕಿದಳು.

"ಎಂಟು ತಿಂಗಳು ಮ್ಯಾಮ್. ಮಲಗಿಸೋವಾಗ್ಲೂ ಇಂಗ್ಲಿಷಲ್ಲೇ ಮಾತಾಡಿದೀನಿ. ಜ್ವರ ಬಂದಾಗ್ಲೂ. ಆಫೀಸಲ್ಲಿ ನಾನು ಚೆನ್ನಾಗೇ ಇಂಗ್ಲಿಷ್ ಮಾತಾಡ್ತೀನಿ. ಆದ್ರೆ ನಂಗೆ ಇಂಗ್ಲಿಷಲ್ಲಿ ಮುದ್ದು ಮಾಡೋಕೆ ಬರಲ್ಲ. ಏನು ಹೇಳ್ಬೇಕು ಅಂತ ಗೊತ್ತಾಗ್ದೆ ಎಷ್ಟೋ ಸಲ ಸುಮ್ನಾಗಿಬಿಟ್ಟಿದೀನಿ. ನಮ್ಮಮ್ಮನ ಬಾಯೂ ಮುಚ್ಚಿಸ್ದೆ."

ಅವಳು ಅಳುತ್ತಿದ್ದಳು. ನಾನು ಟಿಶ್ಯೂ ಡಬ್ಬಿಯನ್ನು ಮುಂದೆ ತಳ್ಳಿದೆ, ಅವಳು ಮುಟ್ಟಲಿಲ್ಲ. ಚೀಲ ಹೆಗಲಿಗೆ ಹಾಕಿಕೊಂಡು ಹೊರಟುಹೋದಳು. ಮೂರು ದಿನ ಗೇಟಿನಲ್ಲಿ ನನ್ನ ಮುಖ ನೋಡಲಿಲ್ಲ. ಮಗುವಿನ ದಿನಚರಿ ಪುಸ್ತಕಕ್ಕೆ ಸಹಿ ಹಾಕಿ ಕೊಡುತ್ತಿದ್ದಳು. ಅವಳು ಮಾಡಿದ್ದು ಸರಿಯೇ ಎಂದು ನನಗನ್ನಿಸುತ್ತಿತ್ತು, ಆದರೂ ಪ್ರತಿ ಮಧ್ಯಾಹ್ನ ಮುಂಚೆಯೇ ಹೋಗಿ ಗೇಟಿನ ಹತ್ತಿರ ನಿಲ್ಲುತ್ತಿದ್ದೆ.

ನಾಲ್ಕನೇ ದಿನ ಕಾರಿಡಾರಿನಲ್ಲಿ ಜೋರಾಗಿ ಕೇಳಿಸಿತು: "ಬಾ ಪುಟ್ಟೀ, ಶೂ ಹಾಕ್ಕೋ. ಅಜ್ಜಿ ಕಾಯ್ತಾ ಇದಾರೆ." ಇತರ ತಾಯಂದಿರು ತಿರುಗಿ ನೋಡುವಷ್ಟು ಜೋರು. ಆಮೇಲೆ ನನ್ನ ಹತ್ತಿರ ಬಂದು, "ಅಮ್ಮ ಇನ್ನು ಹತ್ತು ದಿನ ಇರ್ತಾರೆ ಮ್ಯಾಮ್. ಏನಾದ್ರೂ ಮಾಡ್ಬಹುದಾ?" ಎಂದು ಕೇಳಿದಳು.

ಮುಖ್ಯೋಪಾಧ್ಯಾಯಿನಿಯ ಒಪ್ಪಿಗೆ ಪಡೆದು ಅಜ್ಜಿಯನ್ನು ತರಗತಿಗೇ ಕರೆಸಿಕೊಂಡೆ. ಏನು ಮಾಡಿಸಬೇಕೆಂದು ನಾನು ಯೋಚಿಸುತ್ತಿದ್ದರೆ ಅವರೇ ಚೀಲದ ತುಂಬ ಅಲಸಂದೆ ಕಾಯಿ ತಂದಿದ್ದರು. "ಕೈಗೆ ಕೆಲಸ ಇದ್ರೆ ಬಾಯಿ ತಾನಾಗೇ ಬರುತ್ತೆ" ಅಂದರು. ಚಾಪೆಯ ಮೇಲೆ ಕೂತು, ನಡುವೆ ಪಾತ್ರೆ ಇಟ್ಟು, ಒಂದೊಂದೇ ಕಾಯಿ ಎತ್ತಿಕೊಂಡು "ಮುರಿ" ಎನ್ನುವರು, ಪಟ್ಟೆಂದು ಮುರಿಯುವರು, "ಹಾಕು" ಎನ್ನುವರು, ಪಾತ್ರೆಗೆ ಹಾಕುವರು. ಆರು ಮಕ್ಕಳಲ್ಲಿ ನಾಲ್ವರು ಬಂದು ಕೂತರು. ನನಗೊಬ್ಬ ಮಲಯ್ ಸಹಾಯಕಿ ಇದ್ದಾರೆ, ಐವತ್ತು ದಾಟಿದವರು. ನಾವೆಲ್ಲ 'ಕಾಕ್' ಎನ್ನುತ್ತೇವೆ, ಅಕ್ಕ ಎಂದರ್ಥ. ಅವರೂ ಮಂಡಿ ನೋವು ಮರೆತು ಚಾಪೆಗೆ ಇಳಿದರು. ಅರ್ಧ ಗಂಟೆಯಲ್ಲಿ ಕಾಕ್ ಬಾಯಲ್ಲಿ 'ಹಾಕು' ಎಷ್ಟು ಚೆನ್ನಾಗಿ ಕೂತಿತೆಂದರೆ, ಮಕ್ಕಳ ಆಟದ ಸಾಮಾನು ಎತ್ತಿಡಿಸುವಾಗಲೂ ಇವತ್ತಿಗೂ ಅದನ್ನೇ ಬಳಸುತ್ತಾರೆ.

ನಮ್ಮ ಹುಡುಗಿ ಮೊದಲ ದಿನ ದೂರದಲ್ಲೇ ಇದ್ದಳು. ಎರಡನೇ ಸಲ ಅಜ್ಜಿ ಬಂದಾಗ ಅವರ ಸೆರಗಿನ ಅಂಚನ್ನು ತುಟಿಗೆ ತಿಕ್ಕಿಕೊಳ್ಳುತ್ತ ಪಕ್ಕಕ್ಕೆ ಒರಗಿ ಕೂತಳು. ಅಜ್ಜಿ ಅವಳ ಕಡೆ ನೋಡದೆ, ಕೆಲಸ ಬಿಡದೆ, ಸಣ್ಣ ದನಿಯಲ್ಲಿ ಮಾತಾಡುತ್ತಲೇ ಇದ್ದರು. ಹುಳಿಗೆ ಇಷ್ಟು ಸಾಕು, ಇದು ಬಲಿತಿದೆ, ಈ ಕಾಯಿಗೆ ಹುಳ ಬಿದ್ದಿದೆ ನೋಡು, ನಿಮ್ಮ ತಾತನಿಗೆ ಇದರ ಪಲ್ಯ ಅಂದರೆ ಪ್ರಾಣ. ಮಗು ಒಂದು ಮಾತೂ ಆಡಲಿಲ್ಲ. ಆದರೆ ಇಪ್ಪತ್ತು ನಿಮಿಷ ಕೂತಿದ್ದಳು. ನಾನು ಅವಳನ್ನು ಐದು ನಿಮಿಷಕ್ಕಿಂತ ಹೆಚ್ಚು ಕೂರಿಸಿದ್ದೇ ಇಲ್ಲ.

ಮೂರನೇ ಸಲ, ಅದೇ ಕೊನೆಯ ಭೇಟಿ, ಅಜ್ಜಿ ಒಂದು ಕಾಯನ್ನು ಅವಳ ಕೈಗಿಟ್ಟರು. "ಮುರಿ ಕಂದಾ."

ಅವಳ ಮಣಿಕಟ್ಟು ಬಾಯಿಯ ಕಡೆ ಹೋಯಿತು. ನಾನು ತಡೆಯಲು ಮುಂದೆ ಬಾಗಿದೆ. ಅಷ್ಟರಲ್ಲಿ ಕಾಯನ್ನು ಅಜ್ಜಿಯ ಮಡಿಲಿಗೆ ವಾಪಸು ಎಸೆದು ಅಂದಳು: "ಬೇಡ."

ಸ್ಪಷ್ಟವಾಗಿ. ಮೂಗಿನಿಂದಲ್ಲ, ಗಂಟಲಿನಿಂದಲ್ಲ, ತುಟಿ ಕೂಡಿಸಿ ಬಿಡಿಸಿ.

"ಬೇಡ ಅಂದ್ಲು! ಕೇಳಿಸ್ಕೊಂಡ್ರಾ ಟೀಚರಮ್ಮಾ? ಬೇಡ ಅಂದ್ಲು ನನ್ನ ರಾಣಿ!" ಅಜ್ಜಿಗೆ ನಗು, ಕಣ್ಣಲ್ಲಿ ನೀರು. ಏನಾಯಿತೆಂದು ಕಾಕ್ ಕೇಳಿದರು. ಮಗು ಆಗುವುದಿಲ್ಲ ಅಂದಳು ಎಂದೆ. "ಅದಕ್ಕೆ ಇಷ್ಟು ಖುಷಿನಾ?" ಎಂದು ಬೆರಗಾದವರು, ಕಚ್ಚಿಕೊಳ್ಳದೆ ಬಿಟ್ಟ ಅವಳ ಮಣಿಕಟ್ಟನ್ನು ನೋಡಿ ತಾವೂ ಸೆರಗಿನಂತಿದ್ದ ತಲೆವಸ್ತ್ರದ ತುದಿಯಿಂದ ಕಣ್ಣೊರೆಸಿಕೊಂಡರು.

ಆಮೇಲೆ ಪವಾಡವೇನೂ ಆಗಲಿಲ್ಲ. ಅಜ್ಜಿ ಊರಿಗೆ ಹೋದ ಮೇಲೆ ಎರಡು ವಾರ ಆ ಮಾತು ಮತ್ತೆ ಬರಲೇ ಇಲ್ಲ. ನಂತರ ಒಂದು ದಿನ ಸ್ನಾನದ ಹೊತ್ತಿನಲ್ಲಿ ಬಂತು ಎಂದು ಅಮ್ಮ ಮೆಸೇಜ್ ಮಾಡಿದಳು. ಈಗ ಅವಳಿಗೆ ಎಂಟು ವರ್ಷ. 'ಮೋರ್' ಇಂಗ್ಲಿಷಿನಲ್ಲಿ, 'ಬೇಡ', 'ಬಾ', 'ನೀರು' ಕನ್ನಡದಲ್ಲಿ, 'ಹಾಕು' ಮನೆಯದೂ ಹೌದು, ಶಾಲೆಯದೂ ಹೌದು. ಕಚ್ಚಿಕೊಳ್ಳುವುದು ನಿಂತಿಲ್ಲ, ಕಡಿಮೆಯಾಗಿದೆ. ಭಾನುವಾರ ವಿಡಿಯೋ ಕಾಲಿನಲ್ಲಿ ಅಜ್ಜಿ ಮಾತಾಡುತ್ತಾರೆ, ಅವಳು ಫೋನಿಗೆ ಕೆನ್ನೆ ಒತ್ತಿಕೊಂಡು ಕೇಳುತ್ತಾಳಂತೆ.

ಅಜ್ಜಿ ಹೋದ ವಾರವೇ ನಾನು ಹಳೆಯ ಫೈಲುಗಳನ್ನು ತೆಗೆದೆ. ಈ ಶಾಲೆಯಲ್ಲಿ ಅದೇ ಸಲಹೆ ಕೊಟ್ಟಿದ್ದ ಮನೆಗಳು ಇನ್ನೂ ಮೂರಿದ್ದವು. ಒಬ್ಬೊಬ್ಬರಿಗೇ ಫೋನ್ ಮಾಡಿದೆ. ಮೊದಲನೆಯವರು, ಬ್ರಿಕ್‌ಫೀಲ್ಡ್ಸ್ ಬಡಾವಣೆಯ ತಮಿಳು ಅಪ್ಪ, ಪೂರ್ತಿ ಕೇಳಿಸಿಕೊಂಡು ಗಹಗಹಿಸಿ ನಕ್ಕರು. "ಟೀಚರ್, ನಾವು ಒಂದು ದಿನಾನೂ ತಮಿಳು ನಿಲ್ಲಿಸಿರಲಿಲ್ಲ ಲಾ. ನಿಮಗೆ ಬೇಜಾರಾಗುತ್ತೆ ಅಂತ ಹೇಳಿರಲಿಲ್ಲ" ಅಂದರು. ನಾನೂ ನಕ್ಕೆ, ಎಷ್ಟೋ ಹಗುರಾದೆ. ಎರಡನೆಯದು ಚೀನೀ ಕುಟುಂಬ. ತಾಯಿ ಥ್ಯಾಂಕ್ಯೂ ಎಂದಷ್ಟೇ ಹೇಳಿ ಫೋನ್ ಇಟ್ಟರು. ಮೂರನೆಯವರ ನಂಬರ್ ಈಗ ಇಲ್ಲ. ಅವರು ಪೆನಾಂಗಿಗೆ ಹೋಗಿ ವರ್ಷವಾಯಿತೆಂದು ಆಫೀಸಿನವರು ಹೇಳಿ, ಹಳೆಯ ಇಮೇಲ್ ವಿಳಾಸ ಹುಡುಕಿಕೊಟ್ಟರು. ಅದಕ್ಕೆ ಎರಡು ಸಲ ಬರೆದಿದ್ದೇನೆ. ಉತ್ತರ ಇನ್ನೂ ಬಂದಿಲ್ಲ. ಮುಂದಿನ ರಜೆಯಲ್ಲಿ ಹೇಗೂ ಪೆನಾಂಗಿಗೆ ಹೋಗುವುದಿದೆ, ಅಲ್ಲಿನ ಶಾಲೆಗಳಲ್ಲಿ ವಿಚಾರಿಸಿಕೊಂಡು ಬರೋಣವೆಂದು ಗಂಡನಿಗೆ ಹೇಳಿಟ್ಟಿದ್ದೇನೆ.