ದೊಡ್ಡಕ್ಕನ ಬುಧವಾರಗಳು

ಸಂಶೋಧನಾ ಕೇಂದ್ರದಲ್ಲಿ ಅವಳ ಹುದ್ದೆ ಸಂಯೋಜಕಿಯದು; ಕರೆಯುವುದಕ್ಕೆ ಮಾತ್ರ ಎಲ್ಲರಿಗೂ ದೊಡ್ಡಕ್ಕ. ನಾಟಕ, ಹಾಡು, ಗೋಡೆಚಿತ್ರಗಳಿಂದ ಸಮಾಜ ಬದಲಾಗುತ್ತದೆಯೇ ಎಂಬುದರ ಮೇಲೆ ಪಿಎಚ್‌ಡಿ ಮಾಡುವ ಹುಡುಗ ಹುಡುಗಿಯರು ಅಲ್ಲಿಗೆ ಬರುತ್ತಿದ್ದರು. ಮುನಿಸಿಕೊಂಡ ಮಾರ್ಗದರ್ಶಕರ ಜೊತೆ ರಾಜಿ ಮಾಡಿಸುವುದು, ಅಧ್ಯಾಯ ಮುಂದೆ ಸಾಗದೆ ಕಣ್ಣೀರಿಟ್ಟವರ ಬೆನ್ನು ಸವರುವುದು, ಮೌಖಿಕ ಪರೀಕ್ಷೆಗೆ ಮುಂಚೆ ತಾನೇ ಪರೀಕ್ಷಕಿಯಾಗಿ ಕೂತು ಕೆಣಕುವುದು ಅವಳ ಕೆಲಸ. ಡಾಕ್ಟರ್ ಆದವರು ಸಿಹಿ ಹಂಚಿ ಹೊರಟುಬಿಡುತ್ತಿದ್ದರು.

"ಹೊಳೆ ದಾಟಿದ್ಮೇಲೆ ಅಂಬಿಗನ ನೆನಪು ಯಾರಿಗಿರತ್ತೆ?" ಎಂದು ತಂಗಿ ಫೋನಿನಲ್ಲಿ ಚುಚ್ಚುತ್ತಿದ್ದಳು.

"ದಾಟಿದೋರೆಲ್ಲ ದೋಣೀಲೇ ಕೂತ್ರೆ ಮಿಕ್ಕೋರು ಎಲ್ಲಿ ಕೂರ್ತಾರೆ?" ಎಂದು ದೊಡ್ಡಕ್ಕ ನಗುತ್ತಿದ್ದಳು. ಫೋನಿಟ್ಟ ಮೇಲೆ ಮನೆಯಲ್ಲಿ ಫ್ರಿಜ್ಜಿನ ಸದ್ದೊಂದೇ ಉಳಿಯುತ್ತಿತ್ತು. ಗಂಡನಿಂದ ಬೇರೆಯಾದ ಮೇಲೆ ಅವಳದು ಒಂಟಿ ಬಾಳು.

ತನಗೆ ಚೆನ್ನಾಗಿ ಗೊತ್ತಿದ್ದ ಆ ಒಂಟಿತನ ಹುಡುಗರ ಮುಖದಲ್ಲೂ ಕಂಡು, ಬುಧವಾರ ಮಧ್ಯಾಹ್ನ ಎಲ್ಲರೂ ಒಂದೇ ಕೋಣೆಯಲ್ಲಿ ಕೂತು ಬರೆಯೋಣ ಎಂದು ಹೇಳಿಕಳಿಸಿದಳು. ಮೊದಲ ಬುಧವಾರ ನರಪಿಳ್ಳೆಯೂ ಬರಲಿಲ್ಲ. ದುಂಡಗೆ ಜೋಡಿಸಿದ ಕುರ್ಚಿಗಳ ನಡುವೆ ಫ್ಲಾಸ್ಕಿನ ಚಹಾ ತಾನೊಬ್ಬಳೇ ಕುಡಿದಳು. ಮುಂದಿನ ವಾರ ಗಡ್ಡ ಬಂದ. ಬೀದಿನಾಟಕದ ಮೇಲೆ ಪ್ರಬಂಧ ಬರೆಯುತ್ತಿದ್ದ ಅವನಿಗೆ ಗೆಳೆಯರಿಟ್ಟ ಹೆಸರು ಅದು. ಬಂದವನು ಚೀಲ ಕೂಡ ಬಿಚ್ಚಲಿಲ್ಲ.

"ಬಿಟ್ಬಿಡ್ತೀನಿ ದೊಡ್ಡಕ್ಕ. ನಾನು ಬರೀತಿದ್ದ ತಂಡಾನೇ ಮುಚ್ಚೋಯ್ತು. ಆ ಬೀದಿ ಹೇಗಿತ್ತೋ ಹಾಗೇ ಇದೆ. ಬದಲಾವಣೆ ಅಂತ ಏನು ಬರೀಲಿ, ಮಣ್ಣು?"

"ತಂಡದೋರನ್ನ ಕೇಳಿದ್ಯಾ?"

"ಯಾವ ಮುಖ ಇಟ್ಕೊಂಡು ಕೇಳ್ಲಿ?"

"ನನ್ನ ಮುಖ ಇದ್ಯಲ್ಲ, ನಡಿ."

ತಂಡದ ಮುಖ್ಯ ನಟಿ ಈಗ ಬಸ್ ನಿಲ್ದಾಣದಲ್ಲಿ ಪಾಸು ಕೊಡುವ ಕಿಟಕಿಯ ಹಿಂದೆ ಕೂರುತ್ತಿದ್ದಳು. ಮರುದಿನ ಇಬ್ಬರೂ ಹೋದಾಗ ಊಟದ ಬಿಡುವಿನಲ್ಲಿ ಹೊರಗೆ ಬಂದಳು. ನಾಟಕದಿಂದ ಏನಾದರೂ ಬದಲಾಯಿತೇ ಎಂದು ಗಡ್ಡ ತಡವರಿಸುತ್ತ ಕೇಳಿದ.

"ಬೀದಿ ವಿಷ್ಯ ನಂಗೊತ್ತಿಲ್ಲಪ್ಪ. ನಾಟಕದಲ್ಲಿ ನಂದು ಕಾರ್ಖಾನೆ ಯಜಮಾನನ್ನ ತರಾಟೆಗೆ ತಗೊಳ್ಳೋ ಪಾತ್ರ. ಮನೇಲಿ ನೋಡಿದ್ರೆ ಮಾವನ ಎದುರು ಕೆಮ್ಮೋಕೂ ಹೆದರ್ತಿದ್ದೆ. ಒಂದಿನ ಅವ್ರು ನನ್ನ ಮಗಳನ್ನ ಸ್ಕೂಲು ಬಿಡಿಸ್ತೀನಿ ಅಂದಾಗ ನಾಟಕದ ದನೀನೇ ಬಾಯಿಗೆ ಬಂತು. ಮಾವ ಹೌಹಾರಿ ಕೂತ್ಬಿಟ್ರು!" ಅವಳು ಗಟ್ಟಿಯಾಗಿ ನಕ್ಕಳು. ಮತ್ತೆ ದನಿ ತಗ್ಗಿಸಿ, "ಗೆದ್ದೆ ಅನ್ಕೋಬೇಡಿ. ಮಗಳು ಓದ್ತಿದಾಳೆ, ನಿಜ. ಆದ್ರೆ ಅವತ್ತಿಂದ ಮನೇಲಿ ಯಾರೂ ನಂಜೊತೆ ನೆಟ್ಟಗೆ ಮಾತಾಡಲ್ಲ. ತಂಡ ಇದ್ದಾಗ ಹೇಳ್ಕೊಳ್ಳೋಕಾದ್ರೂ ಜನ ಇದ್ರು," ಎಂದಳು.

ಗಡ್ಡ ಅದನ್ನೇ ಬರೆದ: ಬದಲಾದವರು ಬದಲಾದ ಮೇಲೆ ಎಷ್ಟು ಒಂಟಿಯಾಗುತ್ತಾರೆ ಎಂದು. ಬುಧವಾರಗಳಂದು ಓದಿ ಹೇಳಿದ. ಕೇಳುವುದಕ್ಕೆ ಬೇರೆಯವರೂ ಬಂದರು, ಕುರ್ಚಿ ಸಾಲದಾಯಿತು. ಅವನಿಗೆ ಪದವಿ ಸಿಕ್ಕಿ, ದೂರದ ಕಾಲೇಜಿನಲ್ಲಿ ಕೆಲಸವೂ ಸಿಕ್ಕಿತು. ಮೊದಮೊದಲು ಗಂಟೆಗಟ್ಟಲೆ ಫೋನು, ಬರಬರುತ್ತಾ "ಕ್ಲಾಸಲ್ಲಿದೀನಿ ದೊಡ್ಡಕ್ಕ, ಆಮೇಲೆ ಮಾಡ್ತೀನಿ." ಆ ‘ಆಮೇಲೆ’ ಬರಲೇ ಇಲ್ಲ. ಅವಳು ಬೇಸರಪಟ್ಟುಕೊಳ್ಳಲಿಲ್ಲ ಎಂದರೆ ಸುಳ್ಳಾಗುತ್ತದೆ.

ಒಂದು ಭಾನುವಾರ ಮನೆಯಲ್ಲಿ ಕೂರಲಾರದೆ ದೊಡ್ಡಕ್ಕ ಬಸ್ಸು ಹತ್ತಿ ಆ ನಿಲ್ದಾಣದಲ್ಲಿ ಇಳಿದಳು.

"ಇವತ್ತು ಯಾರ ಪ್ರಬಂಧ, ಮೇಡಂ?" ನಟಿ ಕಿಟಕಿಯಿಂದಲೇ ಕೇಳಿದಳು.

"ಯಾರ್ದೂ ಇಲ್ಲ. ಸುಮ್ನೆ ಬಂದೆ."

ನಟಿ ಅವಳನ್ನು ಒಂದು ಗಳಿಗೆ ದಿಟ್ಟಿಸಿ, ಪಕ್ಕದವನಿಗೆ ಏನೋ ಹೇಳಿ ಹೊರಗೆ ಬಂದಳು. ಇಬ್ಬರೂ ನಿಂತೇ ಚಹಾ ಕುಡಿದರು. ದೊಡ್ಡಕ್ಕ ಹೊಸ ಹುಡುಗಿಯೊಬ್ಬಳ ಅಧ್ಯಾಯದ ಫಜೀತಿ ಹೇಳಿದಳು. ಇನ್ನೊಬ್ಬನ ಮಾರ್ಗದರ್ಶಕರ ಸಿಡುಕು ಹೇಳಿದಳು.

"ಅದೆಲ್ಲ ಅವ್ರ ವಿಷ್ಯ ಆಯ್ತು. ನಿಮ್ದು?"

ಊರಿನವರ ಬಾಯಿಯನ್ನೆಲ್ಲ ಬಿಡಿಸಿದವಳಿಗೆ ತನ್ನ ಬಾಯಿ ಬಿಡಿಸುವುದು ತಿಳಿಯಲಿಲ್ಲ. ಲೋಟದ ಅಂಚು ಸವರುತ್ತ ನಿಂತಳು. ಅಷ್ಟರಲ್ಲಿ ಒಳಗಿನಿಂದ ನಟಿಗೆ ಕೂಗು ಬಂತು.

"ಮುಂದಿನ ಭಾನುವಾರಾನೂ ನಂಗೆ ಡ್ಯೂಟಿ ಇದೆ," ಎಂದಳು ನಟಿ. "ನಿಧಾನಕ್ಕೆ ಹೇಳಿ, ಅವಸರ ಇಲ್ಲ."

ದೊಡ್ಡಕ್ಕ ತಲೆಯಾಡಿಸಿದಳು. ಮನೆ ಕಡೆಯ ಬಸ್ಸು ಬರುವವರೆಗೂ ಕಂಬಕ್ಕೆ ಒರಗಿ, ಕಿಟಕಿಯ ಮುಂದಿನ ಸಾಲು ಕರಗುವುದನ್ನು ನೋಡುತ್ತ ನಿಂತಳು.